ಮಾಸ್ತರೂ ರಗ್ಬಿಯೂ

ಕ್ರಿಕೆಟ್ ನೋಡಲೆಂದು ಇಡೀ ದಿನ ಟಿ.ವಿ. ಮುಂದೆ ಕುಳಿತವನನ್ನು ಕೊಪ್ಪಳದಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ಅಂಥವನಿಗೆ ಊಟದ ತಾಟು ಕುಳಿತಲ್ಲಿಗೇ ಬರುತ್ತದೆ. ನಾನು ರಗ್ಬಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ರಗ್ಬಿ, ನೋಡಲು ಬೇಡುವುದು ಬರೀ 14 ನಿಮಿಷ. ಏಳೇಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷದ ಬಿಡುವು, ಅಷ್ಟೇ. ಆ 14 ನಿಮಿಷವೂ ಇಡಿಯಾಗಿ ನನಗೆ ದಕ್ಕಿದ್ದಿಲ್ಲ. ಏಷ್ಯಾ ಚಾಂಪಿಯನ್‌ಶಿಪ್ ಮತ್ತೆ ಹತ್ತಿರ ಬರುತ್ತಿರುವಾಗ, ನಮ್ಮ ಹೆಣ್ಣುಮಕ್ಕಳ ತಂಡ ಈ ಸಲ ಗೆದ್ದೇ ಗೆಲ್ಲುತ್ತದೆಂಬ ಆಸೆ ದಿನದಿಂದ ದಿನಕ್ಕೆ ಬಲಿಯುತ್ತಿದೆ. ಅದನ್ನು ನಾನು ಕಣ್ಣಾರೆ ಕಾಣುತ್ತೇನೆಂಬ ಆಸೆ ಮಾತ್ರ ನಿನ್ನೆ ಸಂಜೆ ಬತ್ತಿಹೋಯಿತು. ಕೆಳಮನೆಯ ಮಾಸ್ತರು ಮೆಟ್ಟಿಲು ಹತ್ತಿ ಬಂದು, "ಈ ಸಲ ಎಲ್ಲಾ ಮ್ಯಾಚು ಕೂಡೇ ನೋಡೂಣ್ರಿ" ಎಂದು ಹೇಳಿ ಹೋದರು.

ಮಾಸ್ತರು ನಮ್ಮ ಮನೆಯ ಮಾಲೀಕರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಳ ಬಂದ ದಿನ ಮೋಟಾರು ಹಚ್ಚಿರೆಂದು ಹೇಳಲು ಮೇಲೆ ಬರುತ್ತಾರೆ, ಮತ್ತು ಅದೇನು ಗ್ರಹಚಾರವೋ, ಕೊಪ್ಪಳದ ನಳ ಬರುವುದು ಸರಿಯಾಗಿ ರಗ್ಬಿಯ ಹೊತ್ತಿಗೇ. ಹೇಳಿದ್ದು ತಿಳಿದರೆ ಅವರು "ಆತು" ಎನ್ನುತ್ತಾರೆ. ತಿಳಿಯದಿದ್ದರೆ ಒಂದು ಕೈ ಮೇಲೆತ್ತಿ "ಮೊದಲಿಂದ ಬರ್ರಿ" ಎನ್ನುತ್ತಾರೆ. ರಗ್ಬಿಯ ವಿಷಯದಲ್ಲಿ ಅವರ ಬಾಯಿಂದ "ಆತು" ಬಂದದ್ದನ್ನು ನಾನು ಕೇಳಿಲ್ಲ.

2024ರಲ್ಲಿ ಕಾಠ್ಮಂಡುವಿನಲ್ಲಿ ನಡೆದ ಏಷ್ಯಾ ಸೆವೆನ್ಸ್ ಟ್ರೋಫಿಯಲ್ಲಿ ನಮ್ಮ ಹುಡುಗಿಯರು ಫೈನಲ್ ತಲುಪಿದ್ದರು. ಎದುರಾಳಿ ಫಿಲಿಪ್ಪೀನ್ಸ್. ನಾನು ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಕುಳಿತಿರುವಾಗ ಮಾಸ್ತರು ಬಂದರು. ಒಂದೆರಡು ಕ್ಷಣ ನೋಡಿ, "ಅಲ್ರೀ, ಮುಂದ ಹೋಗೂ ಆಟದಾಗ ಚೆಂಡು ಹಿಂದಕ್ಕ್ಯಾಕ ಒಗಿತಾರ?" ಎಂದರು. ಚೆಂಡನ್ನು ಹಿಡಿದುಕೊಂಡು ಎಷ್ಟಾದರೂ ಮುಂದೆ ಓಡಬಹುದು, ಆದರೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು ಎಂದೆ. ಮಾಸ್ತರ ಕೈ ಮೇಲೆದ್ದಿತು. ಅಷ್ಟರಲ್ಲಿ ಆಟಗಾರ್ತಿಯರು ತಲೆಬಾಗಿಸಿ ಒಬ್ಬರಿಗೊಬ್ಬರು ಭುಜಕೊಟ್ಟು ಸ್ಕ್ರಮ್‌ಗೆ ನಿಂತರು. "ಜಗಳ ಬಿಡಸಾಕ ಯಾರೂ ಇಲ್ಲೇನ್ರಿ?" ಎಂದು ಅವರು ನಿಜವಾಗಿ ಕಳವಳಪಟ್ಟರು.

ಬಾಯಿಮಾತಿಗೆ ಬಗ್ಗದ ವಿಷಯವನ್ನು ಪ್ರಯೋಗ ಮಾಡಿ ತೋರಿಸಬೇಕೆಂಬುದು ಮಾಸ್ತರ ಹಳೆಯ ನಂಬಿಕೆ. ಗಾದಿಯ ಮೇಲಿದ್ದ ಲೋಡನ್ನು ಅವರೇ ಎತ್ತಿಕೊಂಡು, ಧೋತರದ ಚುಂಗನ್ನು ಸೊಂಟಕ್ಕೆ ಸಿಗಿಸಿ, ಅಡುಗೆಮನೆಯ ಬಾಗಿಲಿಂದ ಕಿಟಕಿಯ ಕಡೆಗೆ ಓಡಲು ಸಿದ್ಧರಾದರು. ನನ್ನನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರು. ಓಡಿದವರು ಹುರುಪಿನಲ್ಲಿ ಲೋಡನ್ನು ಮುಂದಕ್ಕೇ ಒಗೆದರು. ಹಾಗೆ ಒಗೆದರೆ ತಪ್ಪು, ಆಗ ಸ್ಕ್ರಮ್‌ನಲ್ಲಿ ಚೆಂಡು ಹಾಕುವ ಹಕ್ಕು ಎದುರಾಳಿಗೆ ಹೋಗುತ್ತದೆಂದು ಹೇಳಿದೆ. ಮಾಸ್ತರು ಸುತ್ತ ನೋಡಿದರು. ನನ್ನ ಹೆಂಡತಿ ಚಾ ತಟ್ಟೆ ಹಿಡಿದು ಆಗಷ್ಟೇ ಒಳಗೆ ಬಂದಿದ್ದಳು. ಎದುರಾಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕೆಂಬ ನ್ಯಾಯಬುದ್ಧಿಯಿಂದ ಅವರು ಲೋಡನ್ನು ತಂದು ಅವಳ ಕಂಕುಳಿಗೆ ಸಿಗಿಸಿದರು. ಅವಳು ನನ್ನ ಕಡೆಗೆ ನೋಡಿದ ನೋಟಕ್ಕೆ ರಗ್ಬಿಯ ನಿಯಮಾವಳಿಯಲ್ಲಿ ಕೆಂಪು ಕಾರ್ಡಿಗಿಂತ ಕಡಿಮೆಯ ಶಿಕ್ಷೆ ಇರಲಾರದು.

ಎರಡನೆಯ ಸಲ ಮಾಸ್ತರು ಸರಿಯಾಗಿಯೇ ಹಿಂದಕ್ಕೆ ಎಸೆದರು, ನಾನು ಹಿಡಿದು ಮರಳಿ ಅವರಿಗೇ ಕೊಟ್ಟೆ. ಕಿಟಕಿಯ ಬಳಿ ಗಡಿಗೆರೆ ದಾಟಿದ ಮೇಲೆ ಚೆಂಡನ್ನು ನೆಲಕ್ಕೆ ಒತ್ತಬೇಕು, ಅದಕ್ಕೆ ‘ಟ್ರೈ’ ಎನ್ನುತ್ತಾರೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಮಾಸ್ತರು ಲೋಡಿನ ಸಮೇತ ಬಗ್ಗಿ ನೆಲಕ್ಕೆ ಒತ್ತಿದರು. ಒತ್ತಿದವರು ಏಳಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ಲೋಡಿನ ಮೇಲೆ ಅಂಗೈ ಊರಿ, ನೆಲವನ್ನೇ ನೋಡುತ್ತ, "ಈಗ ಎಷ್ಟು ಮಾರ್ಕು?" ಎಂದು ಕೇಳಿದರು. ಐದು ಎಂದೆ. "ಇಷ್ಟು ಮಾಡಿದ್ದಕ್ಕ ಬರೇ ಐದ?" ಎಂದು ನೋವಿನಲ್ಲೂ ತಕರಾರು ತೆಗೆದರು. ನಾನು ಒಂದು ರಟ್ಟೆ, ಹೆಂಡತಿ ಇನ್ನೊಂದು ರಟ್ಟೆ ಹಿಡಿದು ಅವರನ್ನು ಎತ್ತಿ ಗಾದಿಗೆ ಮುಟ್ಟಿಸಿ ಫೋನಿನ ಕಡೆಗೆ ತಿರುಗುವಾಗ ಆಟಗಾರ್ತಿಯರು ಪರಸ್ಪರ ಕೈಕುಲುಕುತ್ತಿದ್ದರು. ಭಾರತ 5, ಫಿಲಿಪ್ಪೀನ್ಸ್ 7.

ನನಗೆ ಹೊಟ್ಟೆ ಉರಿಯಿತು ಎಂದರೆ ಕಡಿಮೆಯೇ. ಎರಡೂ ತಂಡಗಳು ಒಂದೊಂದು ಟ್ರೈ ಗಳಿಸಿದ್ದವು. ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯಲು ಸಿಗುವ ಅವಕಾಶಕ್ಕೆ ಎರಡು ಅಂಕ, ಅವರದು ಒಳಗೆ ಹೋಗಿತ್ತು, ನಮ್ಮದು ಹೋಗಿರಲಿಲ್ಲ. ಇದನ್ನು ಹೇಳಿದಾಗ ಮಾಸ್ತರು ಮೊದಲ ಬಾರಿಗೆ ಕೈ ಎತ್ತಲಿಲ್ಲ. ಸುಮ್ಮನೆ ಚಾ ಕುಡಿದು, "ನಮ್ಮ ಹುಡುಗ್ರೂ ಹಿಂಗ ರೀ, ಲೆಕ್ಕ ಎಲ್ಲಾ ಸರಿ ಮಾಡಿ ಕಡೀಕೆ ಉತ್ತರಾನ ಬರೀದ ಬರ್ತಿದ್ರು" ಎಂದರು.

ಸಮಾಧಾನಕ್ಕೆಂದು ನಾನು ಕಲ್ಕತ್ತಾ ಕಪ್ಪಿನ ಕಥೆ ಹೇಳಿದೆ. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ಆಂಗ್ಲರ ರಗ್ಬಿ ಕ್ಲಬ್ಬು ಮುಚ್ಚುವ ಹೊತ್ತಿಗೆ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು ಕರಗಿಸಿ, ನಾಗರಹಾವುಗಳೇ ಹಿಡಿಕೆಗಳಾಗಿ, ಮುಚ್ಚಳದ ಮೇಲೆ ಆನೆ ನಿಂತಿರುವ ಕಪ್ಪೊಂದನ್ನು ಮಾಡಿಸಿತು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಲೇ ಇವೆ. ಮಾಸ್ತರು ಬೆರಳಲ್ಲಿ ಏನೋ ಎಣಿಸಿ, "ಬ್ಯಾಂಕಿನ್ಯಾಗ ಬಿಟ್ಟಿದ್ರ ಇವತ್ತಿಗೆ ಚಕ್ರಬಡ್ಡಿ ಎಷ್ಟಾಗ್ತಿತ್ತು ಗೊತ್ತೇನ್ರಿ?" ಎಂದರು.

ನಮ್ಮ ತಂಡದಲ್ಲಿ ಒಡಿಶಾ, ಬಿಹಾರದ ಹಳ್ಳಿಗಾಡಿನ ಹುಡುಗಿಯರಿದ್ದಾರೆ. ಬಿಹಾರದ ಸ್ವೀಟಿ ಕುಮಾರಿ ಓಟದ ಸ್ಪರ್ಧೆಯಿಂದ ಬಂದು ಈ ಆಟ ಹಿಡಿದವಳು. ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ಶುರುವಾದ 2016ರಲ್ಲೂ ಅದರ ಮುಂದಿನ ಟೋಕಿಯೊದಲ್ಲೂ ಪುರುಷರ ಚಿನ್ನ ಗೆದ್ದದ್ದು ಫಿಜಿ. ಆ ದೇಶದ ಒಟ್ಟು ಜನಸಂಖ್ಯೆ 9 ಲಕ್ಷದ ಆಸುಪಾಸು, 2011ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಜನರೇ 13 ಲಕ್ಷಕ್ಕೂ ಹೆಚ್ಚು. ಅದನ್ನು ನೆನೆದಾಗಲೆಲ್ಲ ಗಂಗಾವತಿಯ ಗದ್ದೆಬದುವಿನಲ್ಲೋ ಕುಷ್ಟಗಿಯ ಶಾಲೆಯ ಬಯಲಲ್ಲೋ ಬರಿಗಾಲಲ್ಲಿ ಓಡುವ ಯಾವ ಹುಡುಗಿಯ ಕೈಗೂ ಈ ಚೆಂಡು ಸಿಕ್ಕಿಲ್ಲವಲ್ಲ ಎಂದು ಮನಸ್ಸು ಸಣ್ಣಗಾಗುತ್ತದೆ. ಸಿಗುವುದಾದರೂ ಎಲ್ಲಿಂದ? ಪೇಟೆಯ ಆಟದ ಸಾಮಾನಿನ ಅಂಗಡಿಯಲ್ಲಿ ರಗ್ಬಿ ಚೆಂಡು ಕೇಳಿದ್ದಕ್ಕೆ ಮಾಲೀಕರು ಗಾಳಿ ಇಳಿದ ಫುಟ್‌ಬಾಲೊಂದನ್ನು ಎರಡೂ ಕಡೆಯಿಂದ ಅಮುಕಿ, "ಆಕಾರ ಇದ ಹೌದಲ್ರಿ?" ಎಂದು ಕೇಳಿದ್ದರು.

ನಿನ್ನೆ ಮಾಸ್ತರು ಮೆಟ್ಟಿಲಿಳಿಯುತ್ತ ಅರ್ಧದಲ್ಲಿ ನಿಂತು, "ಈ ಸಲ ಒದಿಯಾಕಿ ಯಾರು? ರೂಢಿ ಮಾಡ್ಯಾಳೋ ಇಲ್ಲೋ? ಆ ಎರಡು ಮಾರ್ಕು ನನಗ ನಿದ್ದಿ ಕೊಡವಲ್ದು" ಎಂದರು. ಇಷ್ಟು ಕಾಳಜಿಯ ಮನುಷ್ಯನ ಮುಖದ ಮೇಲೆ ಬಾಗಿಲು ಹಾಕುವುದು ಹೇಗೆ? ಆದ್ದರಿಂದ ವೇಳಾಪಟ್ಟಿ ಬಂದ ಮೇಲೆ ಅವರಿಗೆ ನಿಜವಾದ ಸಮಯಕ್ಕಿಂತ ಒಂದು ಗಂಟೆ ಮೊದಲಿನ ಸಮಯವನ್ನು ಹೇಳಬೇಕೆಂದುಕೊಂಡಿದ್ದೇನೆ. ಪ್ರಶ್ನೆಗಳೆಲ್ಲ ಪಂದ್ಯಕ್ಕೆ ಮುಂಚೆಯೇ ಮುಗಿದುಹೋಗಲಿ. ಹೆಂಡತಿ ಮಾತ್ರ ಎರಡು ಗಂಟೆ ಮೊದಲಿನದನ್ನು ಹೇಳಿ ಎನ್ನುತ್ತಿದ್ದಾಳೆ, ಲೋಡಿಗೆ ಮೊನ್ನೆಯಷ್ಟೇ ಹೊಸ ಗವಸು ಹಾಕಿದ್ದಾಳೆ.