ಜಪಾನಿನ ನೀರಿಗೆ ಕೋಲಾರದಲ್ಲಿ ಕೊಡೆ

2023ರ ಆಗಸ್ಟ್ 24ರಿಂದ ಜಪಾನ್, ಅಪಘಾತವಾದ ಫುಕುಶಿಮಾ ಅಣುಸ್ಥಾವರದ ನೀರನ್ನು ಸೋಸಿ ಸಮುದ್ರಕ್ಕೆ ಬಿಡುತ್ತಿದೆ. ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದರು. ಟಿವಿಯವರು ಕೆಂಪು ಬಣ್ಣದ ಅಲೆಯೊಂದನ್ನು ಭೂಪಟದ ಮೇಲೆ ಹರಿಯಬಿಟ್ಟರು. ಚೀನಾದವರು ಕೊಂಡ ಮೇಲೆ ಕೋಲಾರದವರು ಸುಮ್ನೆ ಕೂರೋಕಾಗುತ್ತಾ? ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ನಿವೃತ್ತ ನೌಕರರೊಬ್ಬರು ಹತ್ತು ಕೆಜಿ ಉಪ್ಪು ಕಟ್ಟಿಸುತ್ತಿದ್ದರು.

"ಏನ್ ಸಾರ್, ಉಪ್ಪಿನಕಾಯಿ ಜೋರಾ?" ಅಂದೆ.

"ಉಪ್ಪಿನಕಾಯಿ ಮನೆ ಹಾಳಾಗ, ರೇಡಿಯೇಶನ್ ಸ್ವಾಮಿ! ಇನ್ಮೇಲೆ ಬರೋದೆಲ್ಲ ಆ ನೀರಿನ ಉಪ್ಪೇ. ಇದು ಹಳೇ ಸ್ಟಾಕು."

ಅಂಗಡಿಯವನು ಹಿಂದಿನ ದಿನ ಬಂದ ಮೂಟೆಯ ಹೊಲಿಗೆ ಬಿಚ್ಚುತ್ತಾ, "ಪೂರ್ತಿ ಹಳೇ ಸ್ಟಾಕೇ ಸಾರ್" ಅಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅವನ ಮೇಲೆ ನನಗೆ ಗೌರವ ಹೆಚ್ಚಾಯಿತು.

ನಾವು ತಿನ್ನುವ ಉಪ್ಪು ಬರೋದು ಗುಜರಾತಿನಿಂದ, ತೂತುಕುಡಿಯಿಂದ. ಇರಲಿ. ಇನ್ನು ಕೆಲವರ ಲೆಕ್ಕ ಬೇರೆ: ಉಪ್ಪಿನಲ್ಲಿ ಅಯೋಡಿನ್ ಇದೆ, ಅದು ಥೈರಾಯ್ಡ್ ಕಾಯುತ್ತೆ ಅಂತ. ಅಣು ಅಪಘಾತದ ಹೊತ್ತಿನಲ್ಲಿ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಡುವುದು ನಿಜ, ದೊಡ್ಡವರಿಗೆ 130 ಮಿಲಿಗ್ರಾಂ, ಅದರಲ್ಲಿ ಅಯೋಡಿನ್ ಸುಮಾರು 100. ನಮ್ಮ ಉಪ್ಪಿನಲ್ಲಿ ಕೆಜಿಗೆ 15 ಮಿಲಿಗ್ರಾಂ ಅಯೋಡಿನ್ ಅಂತ ಹಿಡಿದರೆ, ಆ ಒಂದು ಮಾತ್ರೆಗೆ ಸಮ ಆಗೋಕೆ ಆರು ಕೆಜಿಗೂ ಜಾಸ್ತಿ ಉಪ್ಪು ತಿನ್ನಬೇಕು. ಥೈರಾಯ್ಡ್ ಉಳಿಯುತ್ತೆ, ಆಸಾಮಿ ಉಳಿಯಲ್ಲ. ಅಲ್ಲದೆ ಆ ಮಾತ್ರೆ ತಡೆಯುವುದು ವಿಕಿರಣ ಸೂಸುವ ಅಯೋಡಿನ್-131 ಅನ್ನು. ಅದು ಎಂಟು ದಿನಕ್ಕೊಮ್ಮೆ ಅರ್ಧಕ್ಕರ್ಧ ಕರಗುತ್ತೆ. ಅಪಘಾತ ಆಗಿದ್ದು 2011ರ ಮಾರ್ಚ್ 11ಕ್ಕೆ. ಹನ್ನೆರಡು ವರ್ಷವಾದ ಮೇಲೆ ಯಾವ ಅಯೋಡಿನ್‌ಗೆ ಹೆದರಿ ಯಾವ ಉಪ್ಪು ತಿನ್ನೋದು?

ಆಗಲೂ ಹೀಗೇ ಆಗಿತ್ತು, ನೆನಪಿದೆಯಲ್ವಾ? ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ, ಎಸ್ಸೆಮ್ಮೆಸ್ ಕಾಲ. ಬಿಬಿಸಿ ಹೆಸರಲ್ಲಿ ಒಂದು ಸುಳ್ಳು ಮೆಸೇಜು ಏಷ್ಯಾ ಪೂರ್ತಿ ಓಡಾಡಿತು. ಮಳೆ ಬಂದರೆ ಮನೆಯೊಳಗೇ ಇರಿ, ಕುತ್ತಿಗೆಗೆ ಅಯೋಡಿನ್ ಇರುವ ಬೆಟಾಡಿನ್ ಹಚ್ಚಿಕೊಳ್ಳಿ ಅಂತ. ಕೋಲಾರದವರಿಗೆ ಮಳೆ ಬಂದರೆ ಒಳಗಿರಿ ಅಂತಾರಲ್ಲ! ಇಲ್ಲಿ ನಾಲ್ಕು ಹನಿ ಬಿದ್ದರೆ ಜನ ಬಾಗಿಲು ತೆಗೆದು ಹೊರಗೆ ಬಂದು ನೋಡುತ್ತಾರೆ. ಮಾರ್ಚ್ ತಿಂಗಳಲ್ಲಿ ಮಳೆ ಬಂದಿದ್ದರೆ, ವಿಕಿರಣ ಇದ್ದರೂ ಪರವಾಗಿಲ್ಲ ಅಂತ ಬಿಂದಿಗೆ ಇಟ್ಟು ಹಿಡಿಯುತ್ತಿದ್ದರು.

ಉಪ್ಪು ಕೊಂಡವರು ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಸಮುದ್ರದ ಮೀನು ಬಂದ್ ಮಾಡಿಬಿಟ್ಟೆ. ಇನ್ನೇನಿದ್ದರೂ ನಮ್ಮ ಕೆರೆ ಮೀನು. ಸೇಫು."

ನಮ್ಮ ಕೆರೆ! ಆ ಕೆರೆಯಲ್ಲಿ ಇರುವುದು ಯಾವ ನೀರು ಅಂತ ಕೋಲಾರದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟದ ಬಚ್ಚಲುಗಳಿಂದ ಹೊರಟು, ಎರಡು ಹಂತ ತೊಳೆಸಿಕೊಂಡು, ಪೈಪ್ ಹತ್ತಿ ಬಂದ ನೀರು. ನಮ್ಮ 126 ಕೆರೆಗಳಿಗೆ ಅಂತ ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿದ್ದನ್ನು ಎಲ್ಲರೂ ನೋಡಿದ್ದೇವೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೇಳಿದವರು ಕೋರ್ಟು ಹತ್ತಿದರು, ಧರಣಿ ಕೂತರು. ಕೂತೇ ಇದ್ದಾರೆ.

ಈಗ ಜಪಾನಿನವರ ಪೆದ್ದುತನ ನೋಡಿ. ನೀರನ್ನು ಸಾವಿರಕ್ಕೂ ಹೆಚ್ಚು ದೊಡ್ಡ ಟ್ಯಾಂಕುಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟರು. ಸೋಸಿದರು, ಸಾಲದು ಅಂತ ಮತ್ತೆ ಸೋಸಿದರು. ಸೋಸಲಾಗದ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್, ಉಳಿಯಿತು. ಅದಕ್ಕೆ ಸಮುದ್ರದ ನೀರು ಬೆರೆಸಿ ಲೀಟರಿಗೆ 1500 ಬೆಕೆರೆಲ್‌ಗಿಂತ ಕೆಳಗೆ ಇಳಿಸಿದರು; ಬೆಕೆರೆಲ್ ಅಂದರೆ ವಿಕಿರಣದ ಅಳತೆ. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆ 10,000 ತನಕ ಆಗಬಹುದು ಅನ್ನುತ್ತೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡು ಅಳೆಸುತ್ತಿದ್ದಾರೆ. ಇಷ್ಟಾದರೂ ಅಲ್ಲಿನ ಮೀನುಗಾರರು ಒಪ್ಪಲಿಲ್ಲ, ಚೀನಾ 2023ರಲ್ಲಿ ಜಪಾನಿನ ಮೀನು ತರಿಸೋದನ್ನೇ ನಿಲ್ಲಿಸಿತು. ಇಷ್ಟೆಲ್ಲ ರಗಳೆ ಯಾಕೆ? ನಮ್ಮವರನ್ನು ಒಂದು ಮಾತು ಕೇಳಿದ್ದರೆ ದಾರಿ ಹೇಳಿಕೊಡುತ್ತಿದ್ದರು. "ಇದು ಕುಡಿಯೋಕಲ್ಲ, ಅಂತರ್ಜಲ ಹೆಚ್ಚಿಸೋಕೆ" ಅಂತ ಒಂದು ಬೋರ್ಡು ಹಾಕಿದರೆ ಮುಗೀತು. ಅಂತರ್ಜಲವನ್ನು ನಾವು ಕುಡಿಯಲ್ಲ ನೋಡಿ, ಸುಮ್ನೆ ಶೋಕಿಗೆ ಇಟ್ಟುಕೊಂಡಿದ್ದೇವೆ.

ಒಂದು ಮಾತು ಹೇಳಬೇಕು, ಸುಳ್ಳಾಡಬಾರದು. ಆ ನೀರು ಬಂದ ಮೇಲೆ ಒಣಗಿದ ಬೋರುಗಳಲ್ಲಿ ಜೀವ ಬಂದಿದೆ, ಟೊಮೆಟೊ ನಿಂತಿದೆ. ರೈತರು ಬೇಡ ಅನ್ನಲ್ಲ. ಬಾಯಾರಿದವನ ಮುಂದೆ ಲೋಟ ಇಟ್ಟು ನೀರು ಚೆನ್ನಾಗಿದೆಯಾ ಅಂತ ಕೇಳಿದರೆ ಅವನು ಏನು ಹೇಳಬೇಕು? ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲೇ ಅಡಿಗಲ್ಲು ಬಿದ್ದಿದೆ. ಕಲ್ಲು ಭದ್ರವಾಗಿದೆಯಂತೆ.

ಹಾಗಂತ ವಿಕಿರಣ ಅಂದರೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಿಜ್ಞಾನಿಗಳು ನ್ಯೂಟ್ರಿನೊ ಅನ್ನುವ ಅತಿಸೂಕ್ಷ್ಮ ಕಣ ಹಿಡಿದರು. ಅಷ್ಟು ಕೆಳಗೆ ಇಳಿದಿದ್ದು ಆಕಾಶದಿಂದ ಸುರಿಯುವ ಬೇರೆ ಕಿರಣಗಳ ಕಾಟ ತಪ್ಪಿಸಿಕೊಳ್ಳೋಕೆ. ಆ ತಂಡದಲ್ಲಿ ಜಪಾನಿನ ಒಸಾಕಾದವರೂ ಇದ್ದರು. ಅಂದರೆ ವಿಕಿರಣ ಬೇಡ ಅಂತ ಜಪಾನಿನವರು ಕೋಲಾರಕ್ಕೆ ಬಂದಿದ್ದರು! ಅದೇ ಗಣಿ ಮುಚ್ಚಿದ ಮೇಲೆ, 2012ರಲ್ಲಿ, ಅಣು ತ್ಯಾಜ್ಯ ಹೂಳೋಕೆ ಇದು ಒಳ್ಳೇ ಜಾಗ ಅನ್ನುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಜನ ಬೀದಿಗಿಳಿದರು. ಆಮೇಲೆ ಹಾಗೇನೂ ಇಲ್ಲ ಅಂದರು. ಆ ಹೆದರಿಕೆಯನ್ನು ನಾನು ಗೇಲಿ ಮಾಡಲ್ಲ. ಚಿನ್ನ ತೆಗೆದುಕೊಂಡು ಹೋಗಿ, ಸೈನೈಡ್ ಗುಡ್ಡಗಳ ದೂಳು ಬಿಟ್ಟು ಹೋದವರನ್ನು ನಂಬಿ ಅಂದರೆ ಯಾರು ನಂಬುತ್ತಾರೆ?

ಟಿವಿಯಲ್ಲಿ ಕೆಂಪು ಅಲೆ ಬಾರದ ಒಂದು ಸುದ್ದಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ರಾಜ್ಯದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲ ಪರೀಕ್ಷೆ ಮಾಡಿದರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲ ಸೇರಿ. ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 57 ಹಳ್ಳಿಗಳಲ್ಲಿ ದಾಟಿತ್ತು. ಯಾವ ದೇಶವೂ ಕಳಿಸಿದ್ದಲ್ಲ, ನಮ್ಮ ಕಲ್ಲಿನದ್ದೇ. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆದು ನಾವೇ ಮೇಲೆ ತಂದಿದ್ದು. ಅದರ ಮುಖ್ಯ ಕಾಟ ವಿಕಿರಣದಿಂದಲೂ ಅಲ್ಲ, ಕಿಡ್ನಿಗೆ. ಹಾಗಾಗಿ ಟಿವಿಯವರಿಗೂ ರುಚಿಸಲಿಲ್ಲ.

ಬೋರ್ ನೀರಿನ ಫ್ಲೋರೈಡ್ ಕಥೆಯಂತೂ ಹಳಸಿಹೋಗಿದೆ. ಬಾಗೇಪಲ್ಲಿ, ಪಾವಗಡದ ಕಡೆ ಶಾಲೆಗೆ ಹೋಗಿ ನೋಡಿ. ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಹಲ್ಲು ಕಂದಾಗಿದೆ ಅಂತ. ಇದಕ್ಕೆ ಜಪಾನ್ ಬೇಡ, ಸುನಾಮಿ ಬೇಡ. ಎರಡು ತಲೆಮಾರು ಕುಡಿದಿದ್ದಾರೆ ಈ ನೀರನ್ನ. ಸೊಂಟ ಬಗ್ಗಿದವರಿದ್ದಾರೆ. ಯಾರಿಗೂ ನಾಚಿಕೆ ಆಗಲ್ಲವಾ? ಪ್ರತಿ ಚುನಾವಣೆಗೂ ಅದೇ ಭಾಷಣ, ಅದೇ ಭರವಸೆ. ಬರೆದು ಬರೆದು ನನಗೂ ಸಾಕಾಗಿದೆ.

ಇಲ್ಲ, ಪರಿಹಾರ ಕೊಟ್ಟಿದ್ದಾರೆ. ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ಮೊನ್ನೆ ಒಂದು ಊರಿನಲ್ಲಿ ನೋಡಿದೆ. ಬಾಗಿಲಿಗೆ ಬೀಗ, ಕಾಯಿನ್ ಹಾಕುವ ಕಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ. ಗೋಡೆಯ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಮಾಸಿಲ್ಲ. ಪಕ್ಕದ ಊರಿನದು ಓಡುತ್ತಿದೆ. ಸೋಸಿದ ಮೇಲೆ ಉಳಿಯುವ ಗಡುಸು ನೀರನ್ನು ಹಿಂದಿನ ಚರಂಡಿಗೆ ಬಿಟ್ಟಿದ್ದಾರೆ. ಎರಡು ಎಮ್ಮೆ ಅದನ್ನೇ ಕುಡಿಯುತ್ತಿದ್ದವು. ಅದರ ಹಾಲು ಬೆಳಿಗ್ಗೆ ಡೈರಿಗೆ.

ನಮ್ಮ ಏರಿಯಾದ ಬೋರ್ ನೀರಿನಲ್ಲಿ ಯುರೇನಿಯಂ ಎಷ್ಟಿದೆ ಅಂತ ಒಂದು ಕಚೇರಿಯಲ್ಲಿ ಕೇಳಿದೆ. "ಆ ಟೆಸ್ಟು ನಮ್ಮಲ್ಲಿ ಇಲ್ಲ ಸಾರ್, ಅರ್ಜಿ ಕೊಟ್ಟು ಹೋಗಿ" ಅಂದರು. ಮೂರು ಪ್ರತಿ ಕೇಳಿದರು. ಕೊಟ್ಟು, ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಯುರೇನಿಯಂ-238 ಅರ್ಧ ಕರಗೋಕೆ ಸುಮಾರು 450 ಕೋಟಿ ವರ್ಷ ಬೇಕು. ಅಷ್ಟರೊಳಗೆ ಹಿಂಬರಹ ಬರಬಹುದು.