ಪಾಪ ಅಂತೆ, ಪಾಪ!

ನಿನ್ನೆ ತಿಪಟೂರಿನ ಹತ್ತಿರ ನಮ್ಮ ಕಡೆಯವರ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ನನ್ನ ಪಕ್ಕ ಅಣ್ಣನ ಮಗಳು, ಎದುರು ಸಾಲಿನಲ್ಲಿ ದೊಡ್ಡ ಮಾವ. "ಏನಮ್ಮಾ ಓದ್ತಿರೋದು?" ಅಂತ ಅವಳನ್ನು ಕೇಳಿದರು. "ಬಿ.ಎಸ್ಸಿ. ಎಂಎಲ್‌ಟಿ, ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ತಾತ, ಈಗ ಇಂಟರ್ನ್‌ಶಿಪ್" ಅಂದಳು. ಮಾವ ಕೋಸಂಬರಿ ಬಾಯಿಗೆ ಹಾಕಿಕೊಂಡು, "ಓ, ನೀಟ್ ಆಗ್ಲಿಲ್ವಾ? ಪಾಪ" ಅಂದರು.

ಪಾಪ!

ಆ ಹುಡುಗಿ ನೀಟ್ ಬರೆದೇ ಇಲ್ಲ ಸ್ವಾಮಿ. ಪಿಯುಸಿ ಮುಗಿದ ದಿನವೇ "ಅತ್ತೆ, ನಿಮ್ ಥರ ಲ್ಯಾಬ್‌ಗೇ ಹೋಗ್ತೀನಿ" ಅಂದವಳು ಅವಳು. ಬೇಕು ಅಂತ ಆರಿಸಿಕೊಂಡ ಓದು. ಆದರೆ ನಮ್ಮ ಜನಕ್ಕೆ ಇದು ತಲೆಗೇ ಹೋಗಲ್ಲ. ಆಸ್ಪತ್ರೆ ಅಂದರೆ ಡಾಕ್ಟರ್. ಡಾಕ್ಟರ್ ಆಗದೆ ಆಸ್ಪತ್ರೆಯಲ್ಲಿ ಇರೋರೆಲ್ಲ ಜಾರಿ ಬಿದ್ದವರು.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ. ಇಡೀ ದೇಶದಲ್ಲಿರೋ ಎಂಬಿಬಿಎಸ್ ಸೀಟು 1 ಲಕ್ಷ ಚಿಲ್ಲರೆ. ಉಳಿದ ಮಕ್ಕಳಿಗೆಲ್ಲ ಒಬ್ಬೊಬ್ಬರಿಗೂ ಪಾಪ ಅನ್ನುತ್ತಾ ಕೂತರೆ ಮಾವನ ಹೋಳಿಗೆ ಆರಿಹೋಗುತ್ತೆ.

ಇನ್ನೂ ಮಜಾ ಕೇಳಿ. ಪಾಪ ಅಂದು ಐದು ನಿಮಿಷ ಆಗಿಲ್ಲ, ಅದೇ ಮಾವ ಅವಳ ತಲೆ ದಾಟಿಸಿ ನನ್ನನ್ನು ಕೇಳಿದರು: "ಅದೇನೋ ಎಚ್‌ಬಿಎ1ಸಿ ಅಂತ ಬರ್ಕೊಟ್ಟಿದಾರೆ, ಖಾಲಿ ಹೊಟ್ಟೇಲಿ ಹೋಗ್ಬೇಕಾ?" ಸಕ್ಕರೆ ಕಾಯಿಲೆಗೆ ಮಾಡೋ ರಕ್ತ ಪರೀಕ್ಷೆ ಅದು. ನನ್ನ ಬಾಯಲ್ಲಿ ಹೋಳಿಗೆ ಇತ್ತು. ಅವಳೇ ಹೇಳಿದಳು. "ಬೇಡ ತಾತ. ಸಕ್ಕರೆ ಕೆಂಪು ರಕ್ತಕಣಕ್ಕೆ ಅಂಟ್ಕೊಂಡಿರುತ್ತೆ. ಆ ಕಣ ಸುಮಾರು 120 ದಿನ ಬದುಕುತ್ತೆ. ಹಾಗಾಗಿ ಅದು ಎರಡು ಮೂರು ತಿಂಗಳ ಲೆಕ್ಕ. ಇವತ್ತು ಒಂದಿನ ಹೋಳಿಗೆ ಬಿಟ್ರೂ ಸಿಕ್ಕಿಬೀಳ್ತೀರ." ಸಾಲಿನವರೆಲ್ಲ ನಕ್ಕರು. ಮಾವ ನಗಲಿಲ್ಲ. ನನ್ನ ಕಡೆ ತಿರುಗಿ "ಹೌದಾ?" ಅಂದರು. ಅವಳು ಹೇಳಿದ್ದಕ್ಕೆ ನನ್ನ ಸೀಲ್ ಬೇಕಿತ್ತು.

ಆ ಮಕ್ಕಳು ಏನು ಓದುತ್ತಾರೆ ಅಂತ ಯಾರಾದರೂ ಒಮ್ಮೆ ಕೇಳಿದ್ದೀರಾ? ಮೊದಲ ವರ್ಷವೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಲ್ಯಾಬ್‌ನವರು, ಎಕ್ಸ್‌ರೇಯವರು, ಡಯಾಲಿಸಿಸ್‌ನವರು, ಆಪರೇಷನ್ ಥಿಯೇಟರ್‌ನವರು, ಎಲ್ಲರೂ ಈ ಬುನಾದಿ ಹಾಕಿಕೊಂಡೇ ಮುಂದೆ ಹೋಗಬೇಕು. ಮೂರು ವರ್ಷ ಕ್ಲಾಸು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸುಮ್ನೆ ಸಿರಿಂಜ್ ಚುಚ್ಚೋದು ಕಲಿಯೋಕೆ ಯಾರೂ ನಾಲ್ಕು ವರ್ಷ ಕೂರಲ್ಲ.

ಹೋದ ಮಳೆಗಾಲದ ಒಂದು ಸಂಗತಿ ಹೇಳಲೇಬೇಕು. ಡೆಂಗಿ ಸೀಸನ್. ಇವಳು ಇಂಟರ್ನ್ ಆಗಿರೋ ಕಡೆ ಒಬ್ಬ ಹುಡುಗ ಜ್ವರ ಅಂತ ಅಡ್ಮಿಟ್ ಆಗಿದ್ದ. ಮಷಿನ್ ಪ್ಲೇಟ್‌ಲೆಟ್ 18 ಸಾವಿರ ತೋರಿಸಿತು. ಅಪ್ಪ ಅಮ್ಮ ಹೌಹಾರಿದರು. ಒಬ್ಬರು ಪಪ್ಪಾಯಿ ಎಲೆ ರಸಕ್ಕೆ ಓಡಿದರು, ಇನ್ನೊಬ್ಬರು ರಕ್ತ ಕೊಡೋರಿಗಾಗಿ ಫೋನ್ ಹಿಡಿದರು. ಇವಳಿಗೆ ಯಾಕೋ ಅನುಮಾನ. ವಾರ್ಡಿಗೆ ಹೋಗಿ ನೋಡಿದರೆ ಹುಡುಗ ಮೊಬೈಲ್ ಆಡುತ್ತಾ ಇಡ್ಲಿ ತಿನ್ನುತ್ತಿದ್ದಾನೆ. ವಸಡಲ್ಲಿ ರಕ್ತ ಇಲ್ಲ, ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ. ವಾಪಸ್ ಬಂದು ಅದೇ ರಕ್ತದ ಒಂದು ಹನಿ ಸ್ಲೈಡ್ ಮೇಲೆ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಮೈಕ್ರೋಸ್ಕೋಪಲ್ಲಿ ಕಣ್ಣಿಟ್ಟಳು. ಸ್ಲೈಡಿನ ಬಾಲದ ಕಡೆ ಪ್ಲೇಟ್‌ಲೆಟ್‌ಗಳು ಸಂತೆಗೆ ಬಂದವರ ಹಾಗೆ ಗುಂಪು ಗುಂಪಾಗಿ ನಿಂತಿವೆ! ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತೆ. ಅಪರೂಪಕ್ಕೆ ಕೆಲವರ ರಕ್ತದಲ್ಲಿ ಆ ಇಡಿಟಿಎಯೇ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತೆ. ಮಷಿನ್‌ಗೆ ಆ ಗುಂಪು ಲೆಕ್ಕಕ್ಕೇ ಸಿಗಲ್ಲ. ಸೀನಿಯರ್‌ಗೆ ತೋರಿಸಿ, ಸಿಟ್ರೇಟ್ ಇರೋ ನೀಲಿ ಮುಚ್ಚಳದ ಟ್ಯೂಬಲ್ಲಿ ಮತ್ತೆ ರಕ್ತ ತೆಗೆಸಿದಳು. 1 ಲಕ್ಷ 30 ಸಾವಿರ.

ಅವತ್ತು ರಾತ್ರಿ ನನಗೆ ಫೋನ್ ಮಾಡಿ ಕಿರುಚಿದಳು. ನಾನೂ ಕಿರುಚಿದೆ. ಆ ಅಪ್ಪ ಅಮ್ಮ ಮಾತ್ರ ಪಪ್ಪಾಯಿ ಎಲೆಗೆ ಕೈ ಮುಗಿದು ಹೋದರಂತೆ.

"ಹಾಗಾದ್ರೆ ಸಂಬಳ ಯಾಕೆ ಅಷ್ಟು ಕಮ್ಮಿ ಮೇಡಂ?" ಅಂತ ಕಾಮೆಂಟಲ್ಲಿ ಯಾರೋ ಕೇಳೇ ಕೇಳ್ತೀರ. ಗೊತ್ತು. ಶುರುವಿಗೆ 15 ಸಾವಿರ ಕೊಡೋಕೂ ಮುಖ ಹಿಂಡೋ ಲ್ಯಾಬ್‌ಗಳು ನನಗೂ ಗೊತ್ತು. ಸ್ವಂತ ಆಸ್ಪತ್ರೆಯೇ ಇಲ್ಲದೆ ಬೋರ್ಡ್ ಹಾಕಿಕೊಂಡಿರೋ ಕಾಲೇಜುಗಳೂ ಗೊತ್ತು. ಅಂಥ ಕಡೆ ಸೇರಬೇಡಿ, ಸೇರೋ ಮುಂಚೆ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತೆ ಅಂತ ಹೋಗಿ ನೋಡಿ, ಅಷ್ಟೇ. ಆದರೆ ಸಂಬಳ ಕಮ್ಮಿ ಇರೋದಕ್ಕೂ ನಿಮ್ಮ ಪಾಪಕ್ಕೂ ನಂಟಿದೆ. ಬೆಲೆ ಇಲ್ಲದ ಕೆಲಸ ಅಂತ ಊರೆಲ್ಲ ಅಂದುಕೊಂಡ ಮೇಲೆ ದುಡ್ಡು ಯಾರು ಬಿಚ್ಚುತ್ತಾರೆ? ನರ್ಸ್‌ಗಳ ಕೌನ್ಸಿಲ್‌ಗೆ ಕಾನೂನು ಬಂದಿದ್ದು 1947ರಲ್ಲಿ. ಫಾರ್ಮಸಿಯವರಿಗೆ 1948ರಲ್ಲಿ. ಲ್ಯಾಬ್, ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನ್), ಡಯಾಲಿಸಿಸ್, ಫಿಸಿಯೋ ಇವರಿಗೆಲ್ಲ ಸೇರಿ ದೇಶಕ್ಕೆ ಒಂದು ಆಯೋಗದ ಕಾನೂನು ಆಗಿದ್ದು 2021ರಲ್ಲಿ. ನಾನು ಕೆಲಸಕ್ಕೆ ಸೇರಿ ಅರ್ಧ ಕೂದಲು ಬೆಳ್ಳಗಾದ ಮೇಲೆ!

ಇಷ್ಟೆಲ್ಲ ಇಲ್ಲಿ ಬರೀತಿದ್ದೀನಲ್ಲ, ಎಲೆ ಮುಂದೆ ಏನು ಹೇಳಿದೆ ಗೊತ್ತಾ? ಏನೂ ಇಲ್ಲ. "ಹ್ಞೂ ಮಾವ, ಸರಿಯಾಗೇ ಹೇಳಿದಳು" ಅಂದು ತುಪ್ಪ ಹಾಕಿಸಿಕೊಂಡೆ. ವಾಪಸ್ ಬರುವಾಗ ಕಾರಲ್ಲಿ ಅವಳು ಕೇಳಿದಳು. "ಅತ್ತೆ, ಪಾಪ ಅಂದಾಗ ನೀವ್ಯಾಕೆ ಸುಮ್ನಿದ್ರಿ?"

ಉತ್ತರ ಬರಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ, ಬೈಕೊಳ್ಳಿ. ನನ್ನ ಮಗ ಪಿಯುಸಿ ಮುಗಿಸಿ ಇಮೇಜಿಂಗ್ ಟೆಕ್ನಾಲಜಿ ಮಾಡ್ತೀನಿ ಅಂದಾಗ ನಾನು ಬಿಡಲಿಲ್ಲ. ಒಂದು ವರ್ಷ ನೀಟ್‌ಗೆ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕಿಸಿದೆ. ಹಾಸ್ಟೆಲಿಂದ ಬಂದಾಗ ಪ್ಯಾಂಟಿನ ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿಕೊಂಡಿದ್ದ. ರಿಸಲ್ಟ್ ದಿನ ನಾನೇ ಬಾಗಿಲಲ್ಲಿ ನಿಂತು ಅಂದೆ, "ಪಾಪ". ಈಗ ಅದೇ ಇಮೇಜಿಂಗ್ ಎರಡನೇ ವರ್ಷದಲ್ಲಿದ್ದಾನೆ, ಒಂದು ವರ್ಷ ತಡವಾಗಿ. ಸಿಟಿ ಸ್ಕ್ಯಾನ್ ರೂಮಿನ ಕತೆ ಹೇಳೋಕೆ ಶುರು ಮಾಡಿದರೆ ನಿಲ್ಲಿಸೋದೇ ಇಲ್ಲ. ಆ ಒಂದು ವರ್ಷದ ಸುದ್ದಿ ಮಾತ್ರ ಇಬ್ಬರೂ ಎತ್ತಲ್ಲ.

ಇವತ್ತು ಸಂಜೆ ಮಾವನ ವಾಟ್ಸಾಪ್ ಬಂತು. ಕೈ ನಡುಗಿ ಮಸುಕಾದ ರಿಪೋರ್ಟಿನ ಫೋಟೋ, ಎಚ್‌ಬಿಎ1ಸಿ 8.6. "ಇದು ಜಾಸ್ತಿನಾ?" ಅಂತ ಕೇಳಿದ್ದಾರೆ. ಅಣ್ಣನ ಮಗಳ ನಂಬರ್ ಕಳಿಸಿ, "ಅವಳನ್ನೇ ಕೇಳಿ ಮಾವ, ಚೆನ್ನಾಗಿ ಬಿಡಿಸಿ ಹೇಳ್ತಾಳೆ" ಅಂದೆ. ನೀಲಿ ಟಿಕ್ ಬಿದ್ದು ಮೂರು ಗಂಟೆ ಆಯ್ತು. ಅವಳಿಗೆ ಇನ್ನೂ ಫೋನ್ ಹೋಗಿಲ್ಲ.