ಇಪ್ಪತ್ತು ಲಕ್ಷ ಚುಕ್ಕಿಯ ತೆಂಗಿನಮರ

ಹಾಸನದ ನಮ್ಮ ಬಡಾವಣೆಯ ಕಾವಲು ಕ್ಯಾಮೆರಾಗಳು ಎಚ್‌ಡಿ ಆದ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಉದ್ಘಾಟನೆಯ ಫ್ಲೆಕ್ಸ್ ಇನ್ನೂ ಇಳಿದಿಲ್ಲ. ಹಾಲು ತರಲು ಹೋದವರೆಲ್ಲ ಓದಿಯೇ ಇರುತ್ತೀರಿ. ಅದರಲ್ಲಿ ಹದಿನೇಳು ಜನರ ಮುಖಗಳಿವೆ, ಕ್ಯಾಮೆರಾದ ಚಿತ್ರ ಮಾತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟಿದೆ. ಮೇಲೆ ದಪ್ಪಕ್ಷರದಲ್ಲಿ ‘ಸ್ಪಷ್ಠತೆಯ ಕಡೆಗೆ ನಮ್ಮ ಬಡಾವಣೆ’ ಎಂದಿದೆ. ಈ ಪದಕ್ಕೆ ಇಷ್ಟು ವರ್ಷ ಅಲ್ಪಪ್ರಾಣವೇ ಸಾಕಾಗಿತ್ತು. ಎಲ್ಲವೂ ಮೇಲ್ದರ್ಜೆಗೆ ಏರುತ್ತಿರುವಾಗ ಟಕಾರವೊಂದು ಯಾಕೆ ಹಿಂದುಳಿಯಬೇಕು, ಅದೂ ಮಹಾಪ್ರಾಣವಾಗಲಿ ಎಂದು ಬರೆದವನಿಗೆ ಅನ್ನಿಸಿರಬೇಕು. ನಾನು ಆಕ್ಷೇಪಿಸಲಿಲ್ಲ. ನಿವೃತ್ತ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಜನ ಈಗಾಗಲೇ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಹೊಗಳಬೇಕಾದದ್ದನ್ನು ಮೊದಲು ಹೊಗಳಿಬಿಡುತ್ತೇನೆ. ಹಳೆಯ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 704, ಉದ್ದಕ್ಕೆ 576 ಚುಕ್ಕಿ, ಅಂದರೆ ಪಿಕ್ಸೆಲ್. ಒಟ್ಟು ಸೇರಿದರೆ ನಾಲ್ಕು ಲಕ್ಷಕ್ಕೆ ತುಸು ಮೇಲೆ. ಹೊಸದರದು 1920ಕ್ಕೆ 1080, ಇಪ್ಪತ್ತು ಲಕ್ಷ ದಾಟುತ್ತದೆ. ಹಳೆಯದರಲ್ಲಿ ಮನುಷ್ಯರೆಲ್ಲ ನೆನೆದ ಅವಲಕ್ಕಿಯಂತೆ ಕಾಣುತ್ತಿದ್ದರು. ಒಮ್ಮೆ ಯಾರದೋ ಮನೆಯ ಗ್ಯಾಸ್ ಸಿಲಿಂಡರ್ ಕಳುವಾದಾಗ ಏಳು ಜನ ಸುತ್ತ ಕುಳಿತು ನೋಡಿದೆವು. ಕಳ್ಳನದೂ ಸಿಲಿಂಡರಿನದೂ ಒಂದೇ ಬಣ್ಣ, ಒಂದೇ ಆಕಾರ. ಯಾರು ಯಾರನ್ನು ಹೊತ್ತುಕೊಂಡು ಹೋಗುತ್ತಿದ್ದಾರೆ ಎಂಬುದೇ ಕೊನೆಗೂ ತೀರ್ಮಾನವಾಗಲಿಲ್ಲ.

ಹಾಗೆಂದು ಮೊದಲ ತಿಂಗಳೇ ಸ್ಪಷ್ಟತೆ ಬಂತೆಂದು ತಿಳಿಯಬೇಡಿ. ಸಂಘದವರು ಎಂಟು ಎಚ್‌ಡಿ ಕ್ಯಾಮೆರಾ ತಂದರು, ಚಿತ್ರ ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರು. “ಹಸಿರು ದೀಪ ಉರಿಯುತ್ತಲೇ ಇದೆಯಲ್ಲ” ಎಂಬುದು ಖಜಾಂಚಿಯವರ ವಾದ. ಕೇಬಲ್ ಹಳೆಯದೇ ಆಗಬಹುದು, ನಿಜ. ಅನಲಾಗ್ ಎಚ್‌ಡಿಯ ಲಾಭವೇ ಅದು. ಗೋಡೆ ಕೊರೆಯದೆ, ಮೊದಲಿನ ಕಪ್ಪು ತಂತಿಯಲ್ಲೇ ಹೊಸ ಚಿತ್ರ ಹರಿದು ಬರುತ್ತದೆ. ಆದರೆ ಬಂದದ್ದನ್ನು ಓದಿಕೊಳ್ಳಲು ಡಿವಿಆರ್‌ಗೂ ಎಚ್‌ಡಿ ಗೊತ್ತಿರಬೇಕು. ಜೋಡಿಸಲು ಬಂದ ಹುಡುಗ ಮಾನಿಟರ್ ಕಪ್ಪಗಿರುವುದನ್ನು ಕಂಡು ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ಏಣಿ ಹತ್ತಿ, ಪ್ರತಿ ಕ್ಯಾಮೆರಾದ ಬಾಲದಲ್ಲಿರುವ ಗುಂಡಿಯನ್ನು ಒತ್ತಿ ಹಿಡಿದು, ಎಂಟನ್ನೂ ಹಳೆಯ ಅನಲಾಗ್ ಚಿತ್ರಕ್ಕೆ ಇಳಿಸಿ ಕಾಫಿ ಕುಡಿದು ಹೋದ. ಒಂದು ತಿಂಗಳು ಬಡಾವಣೆಯವರೆಲ್ಲ ಅದೇ ನೆನೆದ ಅವಲಕ್ಕಿಯನ್ನು ನೋಡಿ “ಆಹಾ, ಎಷ್ಟು ಸ್ಪಷ್ಟ” ಎಂದರು. ನಾನೂ ಎಂದೆ. ವಂತಿಗೆ ಕೊಟ್ಟವನ ಕಣ್ಣಿಗೆ ಅಷ್ಟು ಶಕ್ತಿ ತಾನಾಗಿಯೇ ಬರುತ್ತದೆ.

ಎರಡನೆಯ ತಿಂಗಳು ಡಿವಿಆರ್ ಬದಲಾಯಿತು. ತೊಂದರೆ ಶುರುವಾದದ್ದು ಆಗ.

ನಾಲ್ಕನೆಯ ಅಡ್ಡರಸ್ತೆಯ ಮೂಲೆಯಲ್ಲಿ ‘ಇಲ್ಲಿ ಕಸ ಹಾಕುವವರ ವಂಶ ನಿರ್ವಂಶವಾಗಲಿ’ ಎಂಬ ಬೋರ್ಡಿದೆ. ಬರೆಸಿದವರು ನಮ್ಮ ಸಂಘದ ಅಧ್ಯಕ್ಷರು. ಕಸ ದಿನವೂ ಸರಿಯಾಗಿ ಆ ಬೋರ್ಡಿನ ಬುಡದಲ್ಲೇ ಬೀಳುತ್ತಿತ್ತು. ಇನ್ನು ಕಳ್ಳ ಸಿಕ್ಕಿದಂತೆಯೇ ಎಂದು ಎಲ್ಲರೂ ಮಾನಿಟರ್ ಮುಂದೆ ಕುಳಿತೆವು. ಬೆಳಗಿನ ಜಾವದ ಬೆಳಕು. ಮಂಕಿ ಕ್ಯಾಪ್ ಹಾಕಿದ ವ್ಯಕ್ತಿಯೊಬ್ಬರು ಗಂಟು ಹಾಕಿದ ಕಪ್ಪು ಚೀಲ ಹಿಡಿದು ಬರುತ್ತಾರೆ. ಆ ಕಡೆ ಈ ಕಡೆ ನೋಡುತ್ತಾರೆ. ಚೀಲವನ್ನು ಇಳಿಸಿ, ಬಗ್ಗದೆ, ಕಾಲಿನಿಂದ ಒಳಕ್ಕೆ ತಳ್ಳುತ್ತಾರೆ. ಹೋಗುವ ಮುಂಚೆ ಬೋರ್ಡಿಗೆ ಅಂಟಿದ್ದ ಒಣಎಲೆಯೊಂದನ್ನು ತೆಗೆದು, ಅಂಗೈಯಿಂದ ಒಮ್ಮೆ ಒರೆಸುತ್ತಾರೆ. ಹೆಗಲ ಮೇಲಿದ್ದ ಶಾಲನ್ನು ರಾಜ್ಯೋತ್ಸವದ ದಿನ ನಾವೇ ಹೊದಿಸಿದ್ದೆವು. ಅದರ ಜರಿಯ ಅಂಚೂ ಕಾಣುತ್ತಿತ್ತು.

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. “ಯಾರೋ ಹೊರಗಿನವರು” ಎಂದರು ಖಜಾಂಚಿ. ಆದರೆ ಮರ್ಯಾದೆ ಉಳಿಸಿದ್ದು ಆ ಮಾತಲ್ಲ, ಪರದೆಯ ಮೂಲೆಯಲ್ಲಿದ್ದ ದಿನಾಂಕ. ಹೊಸ ಡಿವಿಆರ್‌ನ ಗಡಿಯಾರವನ್ನು ಯಾರೂ ಹೊಂದಿಸಿರಲಿಲ್ಲ. ಅದು ಜನವರಿ 9, 2000 ಎನ್ನುತ್ತಿತ್ತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ನಾನು ಈ ಬಡಾವಣೆಗೆ ಮನೆ ಕಟ್ಟಿಕೊಂಡು ಬಂದದ್ದೇ 2011ರಲ್ಲಿ, ಸ್ವಾಮಿ” ಎಂದರು. ಕಾನೂನಿನ ಪ್ರಕಾರ ಇದಕ್ಕೆ ಉತ್ತರವಿಲ್ಲ.

ಮಸುಕು ಎಷ್ಟು ದೊಡ್ಡ ಸೌಕರ್ಯವಾಗಿತ್ತು ಎಂಬುದು ನನಗೆ ಅಂದು ಅರ್ಥವಾಯಿತು. ನೆನೆದ ಅವಲಕ್ಕಿಯ ಕಾಲದಲ್ಲಿ ನಾವೆಲ್ಲ ಅಕ್ಕಪಕ್ಕದವರನ್ನು ಎಷ್ಟು ನೆಮ್ಮದಿಯಿಂದ ಅನುಮಾನಿಸುತ್ತಿದ್ದೆವು! ಈಗ ಗೊತ್ತಾಗಿಬಿಟ್ಟಿತು, ಗೊತ್ತಾದ ಮೇಲೆ ನಾಳೆ ಬೆಳಿಗ್ಗೆ ಅವರ ಮುಖ ನೋಡಿ ನಮಸ್ಕಾರ ಹೇಳುವುದು ಹೇಗೆ? ಕ್ಯಾಮೆರಾಕ್ಕೆ ಮಳೆನೀರು ತಾಗದಂತೆ ತುಸು ಮೇಲಕ್ಕೆ ತಿರುಗಿಸಬೇಕೆಂದು ಸಭೆ ಸರ್ವಾನುಮತದಿಂದ ಠರಾಯಿಸಿತು. ಮೇಲಕ್ಕೆ ತಿರುಗಿಸಿದರೆ ನೀರು ಇನ್ನೂ ಹೆಚ್ಚು ಬೀಳುತ್ತದೆ ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ಆ ಕ್ಯಾಮೆರಾ ಎದುರು ಮನೆಯ ತೆಂಗಿನಮರವನ್ನು ಇಪ್ಪತ್ತು ಲಕ್ಷ ಚುಕ್ಕಿಗಳಲ್ಲಿ ತೋರಿಸುತ್ತಿದೆ. ಎಳನೀರು ಎಷ್ಟು, ಬಲಿತದ್ದು ಎಷ್ಟು, ನುಸಿ ಹತ್ತಿದ್ದು ಯಾವುದು, ಎಲ್ಲವನ್ನೂ ಕುಳಿತಲ್ಲೇ ಎಣಿಸಬಹುದು.

ಕಾವಲಿನ ವಿಷಯದಲ್ಲಿ ಹಾಸನದವರಿಗೆ ಇಷ್ಟು ಪರದಾಟ ಬರಬಾರದಿತ್ತು. ಹಾಸನಾಂಬೆಯ ಆವರಣದಲ್ಲಿ ಕಳ್ಳಪ್ಪನ ಗುಡಿಯಿದೆ. ತಾಯಿಯ ಒಡವೆ ಕದಿಯಲು ಬಂದ ನಾಲ್ವರು ಅಲ್ಲೇ ಕಲ್ಲಾದರು ಎನ್ನುತ್ತದೆ ಕಥೆ. ಎಂಥ ವ್ಯವಸ್ಥೆ ನೋಡಿ. ಕೇಬಲ್ ಇಲ್ಲ, ಪಾಸ್‌ವರ್ಡ್ ಇಲ್ಲ, ಪಂಚನಾಮೆ ಬೇಡ. ಕಳ್ಳನೇ ಚಿತ್ರ, ಕಳ್ಳನೇ ಸಾಕ್ಷಿ. ಆ ಕಳ್ಳರಿಗೂ ನಮ್ಮವರು ಹೆಸರಿನ ತುದಿಗೆ ‘ಅಪ್ಪ’ ಸೇರಿಸಿ ಗುಡಿಯ ಗೌರವ ಕೊಟ್ಟಿದ್ದಾರೆ ಎನ್ನುವುದು ಬೇರೆ ಮಾತು. ಕಳ್ಳತನ ಸ್ವಲ್ಪ ಹಳೆಯದಾಯಿತೆಂದರೆ ಕೈ ಮುಗಿಯುವುದು ನಮಗೆ ಅಭ್ಯಾಸ. ಅಲ್ಲೇ ಸೊಸೆಕಲ್ಲೂ ಇದೆ. ಅತ್ತೆಯ ಕಾಟಕ್ಕೆ ತಾಯಿಯನ್ನು ಕೂಗಿ ಕಲ್ಲಾದ ಸೊಸೆ, ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ನಮ್ಮ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ, ಸೊಸೆಯದು ವರ್ಷಕ್ಕೆ ಒಂದೇ ಕಾಳು. ಆದರೂ ಅವಳ ದೂರು ಇಂದಿಗೂ ಅಳಿಸಿಹೋಗಿಲ್ಲ. ವರ್ಷವಿಡೀ ಬಾಗಿಲು ಹಾಕಿದ್ದರೂ ಒಳಗಿನ ದೀಪ ಆರುವುದಿಲ್ಲ, ಹೂ ಬಾಡುವುದಿಲ್ಲ ಎಂದು ಭಕ್ತರು ನಂಬುತ್ತಾರೆ. ನಂಬುವುದು ಬಿಡುವುದು ನಿಮ್ಮ ಇಷ್ಟ. ನಮ್ಮ ಹಾರ್ಡ್ ಡಿಸ್ಕಿನ ಹೂ ಆರನೆಯ ದಿನಕ್ಕೆ ಬಾಡುತ್ತದೆ; ಅದಕ್ಕೆ ಬರುತ್ತೇನೆ.

ಅದಕ್ಕೂ ಮುಂಚೆ ಸಕಲೇಶಪುರದ ಕಡೆಯ ನನ್ನ ಭಾವನ ತೋಟದ ಒಂದು ಮಾತು. ಕಾಫಿಗೂ ಮೆಣಸಿಗೂ ಬೆಲೆ ಬಂದ ಮೇಲೆ ಕಣಕ್ಕೆ ಕಾವಲು ಬೇಕೆಂದು ಅವರೂ ಎಚ್‌ಡಿ ಹಾಕಿಸಿದ್ದಾರೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಮಂಜಿಗೆ ಬಡಿದು ಹಿಂದಕ್ಕೆ ಬರುತ್ತದೆ. ಪರದೆಯ ತುಂಬ ಹಾಲು ಚೆಲ್ಲಿದ ಹಾಗೆ ಬಿಳುಪು. ಅದೇ ದೀಪಕ್ಕೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ, ಜೇಡ ಗಾಜಿನ ಮೇಲೆಯೇ ಬಲೆ ನೇಯುತ್ತದೆ. “ಜೇಡನ ಕಾಲಿನ ರೋಮ ಎಣಿಸಿದ್ದೇನೆ ಭಾವ, ಮೆಣಸು ಕದ್ದವನ ಮೂಗು ಎಲ್ಲಿದೆ ಗೊತ್ತಿಲ್ಲ” ಎನ್ನುತ್ತಾರೆ. ಅಲ್ಲಿ ಪ್ರತಿ ಸಲವೂ ಗುರುತು ಸಿಗುವ ಅಪರಾಧಿ ಆನೆ ಒಂದೇ. ಅದು ಹೆಲ್ಮೆಟ್ ಹಾಕುವುದಿಲ್ಲ, ನಂಬರ್ ಪ್ಲೇಟಿಗೆ ಕೆಸರು ಮೆತ್ತಿಕೊಳ್ಳುವುದಿಲ್ಲ, ಸಾಕಾದರೆ ಕಂಬಕ್ಕೆ ಮೈ ಉಜ್ಜಿ ಕ್ಯಾಮೆರಾವನ್ನೇ ಕೆಡವಿ ಹೋಗುತ್ತದೆ. ಪ್ರಾಮಾಣಿಕ ಪ್ರಾಣಿ.

ಈಗ ಡಿಸ್ಕಿನ ವಿಚಾರ. ಸ್ಪಷ್ಟ ಚಿತ್ರಕ್ಕೆ ಜಾಗ ಬೇಕು. ಸೆಕೆಂಡಿಗೆ ನಾಲ್ಕು ಮೆಗಾಬಿಟ್‌ನಂತೆ ಲೆಕ್ಕ ಹಾಕಿದರೆ ಒಂದು ಎಚ್‌ಡಿ ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ನುಂಗುತ್ತದೆ. ಎಂಟು ಕ್ಯಾಮೆರಾಕ್ಕೆ 345. ಸಂಘದ ಡಿಸ್ಕ್ ಎರಡು ಟಿಬಿಯದು, ಅಂದರೆ ಎರಡು ಸಾವಿರ ಜಿಬಿ. ಆರನೆಯ ದಿನ ಮುಗಿಯುವಷ್ಟರಲ್ಲಿ ಅದು ತುಂಬಿ, ಮೊದಲ ದಿನದ ಚಿತ್ರದ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಇದೇ ಡಿಸ್ಕ್ ಅವಲಕ್ಕಿಯ ಕಾಲದಲ್ಲಿ ಮೂರು ವಾರ ಬರುತ್ತಿತ್ತು. ಎಚ್.265 ಎಂಬ ಸಂಕೋಚನ ವಿಧಾನಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಆ ಸೌಲಭ್ಯ ನಮ್ಮ ಡಿವಿಆರ್‌ನಲ್ಲೂ ಇದೆ. ಅದನ್ನು ತೆರೆಯುವ ಪಾಸ್‌ವರ್ಡ್ ಇರುವುದು ಜೋಡಿಸಿದ ಹುಡುಗನ ತಲೆಯಲ್ಲಿ, ಹುಡುಗ ಇರುವುದು ಬೆಂಗಳೂರಿನಲ್ಲಿ. ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಿಕೊಂಡಿರಬೇಕು ಎಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಹೇಳುತ್ತದೆ. ನಮ್ಮದು ಬಡಾವಣೆ, ಸಂಸ್ಥೆಯಲ್ಲ ಎಂದು ಕಾರ್ಯದರ್ಶಿಗಳು ಓದಿ ತಿಳಿಸಿದರು.

ಅದೇ ನಾಲ್ಕನೆಯ ಅಡ್ಡರಸ್ತೆಯ ಮೂಲೆಯಲ್ಲಿ ಹೂವಿನಮ್ಮ ಕೂರುತ್ತಿದ್ದರು. ಒಂದು ಬೆಳಿಗ್ಗೆ ಬೈಕೊಂದು ಅವರಿಗೆ ಡಿಕ್ಕಿ ಹೊಡೆದು ನಿಲ್ಲಿಸದೆ ಹೋಯಿತು. ತೊಡೆಯ ಮೂಳೆ ಮುರಿಯಿತು. ಗಾರೆ ಕೆಲಸ ಮಾಡುವ ಮಗ ಒಂಬತ್ತನೆಯ ದಿನ ಸಂಘದ ಬಾಗಿಲಿಗೆ ಬಂದು ನಿಂತ. ಮೂಲೆಯ ಕ್ಯಾಮೆರಾದಲ್ಲಿ ತೆಂಗಿನಮರವಿತ್ತು. ಗೇಟಿನ ಕ್ಯಾಮೆರಾದಲ್ಲಿ ಬೈಕ್ ಬಂದೇ ಇರಬೇಕು. ಆದರೆ ಆ ದಿನ ಅಳಿಸಿಹೋಗಿತ್ತು. “ಮುಂಚೆಯೇ ಬರಬೇಕಿತ್ತಪ್ಪ” ಎಂದರು ಖಜಾಂಚಿ. “ಅಮ್ಮನ ಆಪರೇಷನ್ ಇತ್ತು, ಸಾರ್” ಎಂದ. ಉಳಿದಿದ್ದರೂ ಮುಖ ಸಿಗುತ್ತಿತ್ತೆಂದು ಹೇಳಲಾರೆ. ಅಪರಿಚಿತನನ್ನು ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕೆನ್ನುತ್ತದೆ ಈ ಕಸುಬಿನ ಅಂತರರಾಷ್ಟ್ರೀಯ ಮಾನದಂಡ. 1920 ಚುಕ್ಕಿಗಳನ್ನು ಹಂಚಿದರೆ ಏಳೂಮುಕ್ಕಾಲು ಮೀಟರಿಗೂ ಸಾಲುವುದಿಲ್ಲ. ನಮ್ಮದು ನಾಲ್ವತ್ತಡಿ ರಸ್ತೆ, ಹನ್ನೆರಡು ಮೀಟರ್. ಈ ಲೆಕ್ಕವನ್ನೆಲ್ಲ ಆ ಹುಡುಗನಿಗೆ ಹೇಳುವುದೇ?

ನನಗೆ ಸಾಕಾಗಿದೆ. ಅಪಘಾತವಾದಾಗ ಹಾಲಿನ ಬೂತಿನ ಮುಂದೆ ನಾವು ಹತ್ತು ಜನ ಇದ್ದೆವು. ಆಟೋದಲ್ಲಿ ಮಲಗಿಸಿ ಕಳುಹಿಸಿದೆವು, ಚೆದುರಿದ ಸೇವಂತಿಗೆಯನ್ನು ಯಾರೋ ಬುಟ್ಟಿಗೆ ತುಂಬಿದರು, ಅಷ್ಟೇ. ಬೈಕಿನ ಸಂಖ್ಯೆಯನ್ನು ಯಾರೂ ಓದಲಿಲ್ಲ. ಹತ್ತು ಹೆಜ್ಜೆ ನಡೆದು, ಇವತ್ತಿನದನ್ನು ಪೆನ್‌ಡ್ರೈವಿಗೆ ಇಳಿಸಿಡಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕ್ಯಾಮೆರಾ ಇದೆಯಲ್ಲ ಎಂದುಕೊಂಡು ಅರ್ಧ ಲೀಟರ್ ಹಾಲು ಹಿಡಿದು ಮನೆಗೆ ಬಂದೆ. ಎಲ್ಲ ಪೊಲೀಸ್ ಠಾಣೆಗಳಲ್ಲೂ ರಾತ್ರಿ ಕಾಣುವ, ಧ್ವನಿ ಹಿಡಿಯುವ ಕ್ಯಾಮೆರಾ ಹಾಕಿ, 18 ತಿಂಗಳ ದೃಶ್ಯ ಉಳಿಯಲಿ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿತು. ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳು ಎಲ್ಲಿ ಎಂದು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ದೇಶದ ದೊಡ್ಡ ಕೋರ್ಟಿನ ಮಾತಿಗೇ ಈ ಗತಿ. ಗಾರೆ ಕೆಲಸದವನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೇನು?

ಕಳೆದ ಭಾನುವಾರ ಸಭೆ ಸೇರಿತ್ತು. ಹೂವಿನಮ್ಮನ ಪ್ರಕರಣವನ್ನು ಸಂಘ ಗಂಭೀರವಾಗಿ ಪರಿಗಣಿಸಿದೆ. ಆದ್ದರಿಂದ ಫೋರ್‌ಕೆ ಕ್ಯಾಮೆರಾ ಹಾಕಿಸಲಿದೆ. 3840ಕ್ಕೆ 2160, ಎಂಬತ್ತು ಲಕ್ಷ ಚುಕ್ಕಿ ದಾಟುತ್ತದೆ. ಡಿಸ್ಕ್ ದೊಡ್ಡದು ಬೇಡವೇ ಎಂದು ಕೇಳಿದೆ. “ಅದು ಎರಡನೆಯ ಹಂತ, ಮೇಷ್ಟ್ರೇ” ಎಂದರು ಅಧ್ಯಕ್ಷರು. ಮೂಲೆಯ ಕ್ಯಾಮೆರಾವನ್ನು ಮತ್ತೆ ರಸ್ತೆಗೆ ತಿರುಗಿಸೋಣವೇ ಎಂದೆ. ತೆಂಗಿನಮರದ ಮನೆಯವರು ಎದ್ದು ನಿಂತು ಬಲವಾಗಿ ವಿರೋಧಿಸಿದರು. ಅದು ಬಂದ ಮೇಲೆ ಅವರ ಮರದ ಕಾಯಿ ಕಳುವಾಗುವುದು ಪೂರ್ತಿ ನಿಂತಿದೆಯಂತೆ. ಇಡೀ ಯೋಜನೆಗೆ ಸಿಕ್ಕಿದ ಯಶಸ್ಸು ಅದೊಂದೇ ಆದ್ದರಿಂದ ಚಪ್ಪಾಳೆ ತಟ್ಟಿದೆವು.

ಮನೆಗೆ 1,500 ರೂಪಾಯಿ ವಂತಿಗೆ. ಕೊಟ್ಟೆ. ಖಜಾಂಚಿಯವರು ರಸೀದಿ ಪುಸ್ತಕದಿಂದ ಕಾರ್ಬನ್ ಪ್ರತಿಯನ್ನು ಹರಿದು ಕೈಗಿಟ್ಟರು. ಮನೆಗೆ ಬಂದು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ಹೆಸರಿರಬೇಕಾದ ಕಡೆ ನೆನೆದ ಅವಲಕ್ಕಿ.